ತೂಕ ಮಾತ್ರ

ಬಂದರಿನ ವೇ ಬ್ರಿಡ್ಜಿನಲ್ಲಿ ನನ್ನ ಕೆಲಸ
ತೂಕ ಹೇಳುವುದು. ಬೆಲೆ ಹೇಳುವುದಲ್ಲ.
ಲಾರಿ ಹತ್ತುತ್ತದೆ, ಅಂಕೆ ನಡುಗಿ ನಿಲ್ಲುತ್ತದೆ,
ಚೀಟಿ ಹರಿದು ಕೊಡುತ್ತೇನೆ.
ಒಳಗೆ ಒಣಮೆಣಸೋ ಗುಜರಿಯೋ,
ಯಾರದ್ದು ಯಾರಿಗೆ ಹೋಗುವುದೋ,
ಕೇಳಿದವನಲ್ಲ, ಇಪ್ಪತ್ತಾರು ವರ್ಷ.

ಆ ದಿನ ಮಾತ್ರ
ಯಾರೂ ಕೇಳದೆಯೇ ಹೇಳಿದೆ.

ಇದಿನಬ್ಬ ಚಾ ಕುಡಿಯುತ್ತಿದ್ದ.
ಬೋಳಾರದ ಸೆವ್ರಿನ್ ಬಾಯಮ್ಮನ ಲೇತ್ ಮಿಷನ್
ಕುದುರಿದೆ, ಮುಂಗಡ ಕೊಟ್ಟಾಗಿದೆ,
ಗುರುವಾರ ಕ್ರೇನ್ ಬರ್ತದೆ, ಎಂದ.
ಗಂಡ ಲಿಗೋರಿ ಇದ್ದಾಗ ಅದರಲ್ಲೇ
ದೋಣಿಗಳ ಶಾಫ್ಟು ತಿರುವುತ್ತಿದ್ದದ್ದು.
ಉಕ್ಕಿನ ಸಿಪ್ಪೆ ನೀಲಿಗಟ್ಟಿ
ಸುರುಳಿ ಸುರುಳಿ ಬೀಳುವುದನ್ನು
ನಾನೂ ಒಮ್ಮೆ ನಿಂತು ನೋಡಿದ್ದೆ.

'ಬೆಡ್ಡು ಸವೆದಿದೆ ಅಂತ ಕೇಳಿದ್ದೆ, ನೋಡಿಕೊ.'
ಅಷ್ಟೇ. ಆರು ಶಬ್ದವೂ ಇಲ್ಲ,
ಹಳೆಯ ಪರಿಚಯಕ್ಕೆ.
ಚಾದ ದುಡ್ಡು ಅವನೇ ಕೊಟ್ಟ.

ಗುರುವಾರ ಕ್ರೇನ್ ಬರಲಿಲ್ಲ.
ಬಾಯಮ್ಮ ಮುಂಗಡ ಮರಳಿಸಿದರಂತೆ,
ಎರಡು ಸಲ ಎಣಿಸಿ. ಅವರಿಗೆ
ತಿಂಗಳ ಕೊನೆಗೆ ವರ್ಕ್‌ಶಾಪು ಬಿಡಬೇಕಿತ್ತು,
ಹತ್ತು ತಿಂಗಳ ಬಾಡಿಗೆ ತೀರಿಸಿ.
ಸವೆದದ್ದು ಕುದ್ರೋಳಿಯ ಬೇರೊಂದು ಲೇತು;
ಅದೇ ಕಂಪೆನಿ, ಅದೇ ಹಸಿರು ಬಣ್ಣ.
ನನಗೆ ತಿಳಿದಾಗ
ಹನ್ನೊಂದು ದಿನ ಕಳೆದಿತ್ತು.

ಕೊಡಿಯಾಲಬೈಲಿನ ವಕೀಲ ದೇಜಪ್ಪಣ್ಣನ ಎದುರು ಕೂತು
'ಒಬ್ಬರು' ಎಂದು ಶುರು ಮಾಡಿದೆ.
ಕರಾರು ಆಗಿರುವುದು ಆ ಒಬ್ಬರಿಗೆ ಗೊತ್ತಿತ್ತೊ?
ಗೊತ್ತಿತ್ತು.
ಮುರಿಯಲೆಂದೇ ಹೇಳಿದ್ದೊ?
ಅಲ್ಲ. (ಸ್ವಲ್ಪ ಬೇಗ ಹೇಳಿದೆ.)
ಲಾಭ ಏನಾದರೂ?
ಒಂದು ಚಾ.
ನಕ್ಕರು. ಬರಹ ಇಲ್ಲ, ಸಾಕ್ಷಿ ಇಲ್ಲ,
ಕೋರ್ಟಿನಲ್ಲಿ ಇದು ನಿಲ್ಲುವುದು ಕಷ್ಟ ಮಾರಾಯ್ರೆ,
ಆ ಒಬ್ಬರಿಗೆ ಚಂದ ನಿದ್ದೆ ಮಾಡಲಿಕ್ಕೆ ಹೇಳಿ.

ಹೇಳಿದೆ.
ಆ ಒಬ್ಬರು ಮಾಡಲಿಲ್ಲ.

ಅಪ್ಪ ಮೆಣಸಿನ ಮಂಡಿಯಲ್ಲಿ ಮೂಟೆ ಹೊತ್ತವನು.
ಅವನ ಕಾಲದಲ್ಲಿ ಕೊಳ್ಳುವ ಕೈ, ಮಾರುವ ಕೈ
ಬೈರಾಸಿನಡಿ ಬೆರಳು ಹಿಡಿದು ದರ ಮಾತಾಡುತ್ತಿದ್ದವು,
ಮುಖಗಳು ಅಳಿವೆಯ ಕಡೆ.
ಕೂಲಿಗಳು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು,
ಯಾರೂ ಹೇಳಿಕೊಟ್ಟದ್ದಲ್ಲ.
ಆ ಬಟ್ಟೆ ಕಳ್ಳರಿಗೆ ಅಲ್ಲ ಮಗಾ, ಎನ್ನುತ್ತಿದ್ದ,
ನಮ್ಮಂಥವರಿಗೆ.
ಉಪಕಾರ ಮಾಡಲಿಕ್ಕೆ ನಾಲಗೆ ತುರಿಸುವವರಿಗೆ.

ಆದರೆ ಅಪ್ಪಾ, ನಿಜವೇ ಆಗಿದ್ದರೆ?
ಸವೆದದ್ದೇ ಆಗಿದ್ದರೆ ಬೆನ್ನು ತಿರುಗಿಸಿ ನಿಲ್ಲಬೇಕಿತ್ತೆ?
ಇದಿನಬ್ಬನದ್ದೂ ಬೆವರಿನ ದುಡ್ಡು.
ಇದಕ್ಕೆ ಉತ್ತರ ಎಷ್ಟು ಹುಡುಕಿದರೂ
ಸಿಗುವುದು ಇಷ್ಟೇ:
ಇಲ್ಲಿಂದ ಬೋಳಾರ ನಡೆದರೆ ಅರ್ಧ ಗಂಟೆ.
ಹೋಗಿ ಬೆರಳಾಡಿಸಿ ನೋಡಬಹುದಿತ್ತು.

ಕೊನೆಗೆ ಹೋದೆ. ಉಳ್ಳಾಲದ ಗಿರಾಕಿಯೊಬ್ಬನ
ನಂಬರು ಬರೆದ ಚೀಟಿ ಕಿಸೆಯಲ್ಲಿ.
ಬಾಯಮ್ಮ ಸ್ಪ್ಯಾನರುಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತುತ್ತಿದ್ದರು.
ನಾನೇ ಹೇಳಿದ್ದು, ಎಂದೆ.
ಗೊತ್ತುಂಟು, ಎಂದರು.
ಚೀಟಿ ನೀಡಿದೆ. ಮುಟ್ಟಲಿಲ್ಲ.
'ಬೇರೆಯವರಿಗೆ ಮಾತು ಕೊಟ್ಟಾಗಿದೆ.
ಯಾರಿಗೆ, ಎಷ್ಟಕ್ಕೆ, ಕೇಳಬೇಡಿ.'
ಕುಡಿಯಲಿಕ್ಕೆ ನೀರು ಕೊಟ್ಟರು. ಕುಡಿದೆ.

ಸೋಮವಾರ, ಮಧ್ಯಾಹ್ನದ ಬಿಸಿಲಿಗೆ,
ಗುಜರಿಯವನ ಲಾರಿ ತಟ್ಟೆ ಹತ್ತಿತು.
ಹಗ್ಗ ಬಿಗಿದು ಮಲಗಿಸಿದ್ದಾರೆ ಹಸಿರು ಲೇತನ್ನು,
ಬೆಡ್ಡು ಕನ್ನಡಿಯ ಹಾಗೆ ಹೊಳೆಯುತ್ತಿದೆ,
ಒಂದು ಗೀರಿಲ್ಲ. ಮೂಲೆಯಲ್ಲಿ
ಲಿಗೋರಿ ಅಂಟಿಸಿದ್ದ ಸಣ್ಣ ಶಿಲುಬೆ.
ಇದು ಗುಜರಿಯಲ್ಲ, ಓಡುವ ಮಿಷನ್ನು,
ಕಿಲೋ ಲೆಕ್ಕಕ್ಕೆ ಹೋಗುವಂಥದ್ದಲ್ಲ ಎಂದು
ಯಾರ ಕಡೆಗಾದರೂ ಕಿರುಚಬೇಕು.
ಯಾರ ಕಡೆಗೆ?

ಎಷ್ಟು? ಎಂದ ಡ್ರೈವರ್, ಕೈ ಚಾಚಿ.

ಬಾಯಿ ತೆರೆದೆ.
ಖಾಲಿ ಲಾರಿ ಕಳೆದು
ಸಾವಿರದ ನೂರ ನಲವತ್ತು, ಎಂದೆ.